ತುಂಬಿದ ಕೆರೆ, ಏರಿಯ ಮೇಲಿನ ಬುತ್ತಿ

ನೀರು ನಿಂತ ಕಡೆ ಜನ ನಿಲ್ಲುವುದು ಮನುಷ್ಯಸ್ವಭಾವ. ಲೋಕದ ದೊಡ್ಡ ನಗರಗಳು ತಮ್ಮ ನದಿಯ ದಂಡೆಯನ್ನೋ ಕಡಲ ಕರೆಯನ್ನೋ ಸಿಂಗರಿಸಿ, ಅಲ್ಲಿ ಕಾಲುದಾರಿ, ಕಲ್ಲುಬೆಂಚು, ತಿಂಡಿಯ ಅಂಗಡಿಗಳನ್ನು ಏರ್ಪಡಿಸಿ ಜನರನ್ನು ಕರೆಯುತ್ತವೆ. ಕೋಲಾರ ಸೀಮೆಗೆ ಕಡಲಿಲ್ಲ. ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆ ಬಂದಾಗ ಮಾತ್ರ ಮುಖ ತೋರಿಸುವ ಅತಿಥಿಗಳು. ಇಲ್ಲಿಯ ಜನಕ್ಕೆ ನೀರಿನ ದಂಡೆ ಎಂದರೆ ಕೆರೆಯ ಏರಿ. ಕನ್ನಡದಲ್ಲಿ ಕೆರೆಯೆನ್ನಿ, ನೆರೆಮನೆಯ ತೆಲುಗಿನಲ್ಲಿ ಚೆರುವೆನ್ನಿ, ಊರಿನ ಬಾಳು ನಿಂತಿರುವುದು ಅದರ ಮೇಲೆ.

ಈ ಏರಿಗಳ ಮೇಲೆ ಬಹುಕಾಲ ನೋಡುವುದಕ್ಕೇನೂ ಇರಲಿಲ್ಲ. ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು. ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಈಗ ಸ್ಥಿತಿ ಬದಲಾಗಿದೆ. 2018ರ ಜೂನ್ ತಿಂಗಳಿನಿಂದ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆನೀರು, ಶುದ್ಧೀಕರಣದ ಎರಡು ಹಂತಗಳನ್ನು ದಾಟಿ, ಕೊಳವೆಗಳ ಮೂಲಕ ಕೋಲಾರದ ಕಡೆಗೆ ಹರಿಯತೊಡಗಿತು. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಅಲ್ಲಿಂದ ನರಸಾಪುರ, ಹೀಗೆ ಒಂದರ ಕೋಡಿಯಿಂದ ಮತ್ತೊಂದಕ್ಕೆ. ದಿನಕ್ಕೆ 44 ಕೋಟಿ ಲೀಟರ್ ನೀರನ್ನು 126 ಕೆರೆಗಳಿಗೆ ಹಾಯಿಸುವುದು ಯೋಜನೆಯ ಗುರಿ. 2021ರ ನವೆಂಬರಿನಲ್ಲಿ ಮಳೆಯೂ ಕೈಬಿಡದೆ ಸುರಿದು, ವರ್ಷಗಟ್ಟಲೆ ಬತ್ತಿದ್ದ ಅನೇಕ ಕೆರೆಗಳು ಕೋಡಿಬಿದ್ದವು. ಕೋಡಿ ಹರಿಯುವುದನ್ನು ಜನ್ಮದಲ್ಲಿ ಮೊದಲ ಬಾರಿಗೆ ಕಂಡ ಮಕ್ಕಳು ಆಗ ಬಹು ಮಂದಿ.

ನೀರು ಬಂದ ಮೇಲೆ ಜನ ಬಂದರು. ಜನ ಬಂದ ಮೇಲೆ ಚುರುಮುರಿಯ ಗಾಡಿ ಬಂದಿತು, ಸುಟ್ಟ ಜೋಳದ ಒಲೆ ಬಂದಿತು. ಇದು ಸಂತೋಷದ ವಿಷಯವೇ. ಆದರೆ ದಂಡೆಯನ್ನು ಚೆಲುವು ಮಾಡುವ ಉತ್ಸಾಹದಲ್ಲಿ ನಾವು ನೀರನ್ನೇ ಮರೆಯುತ್ತಿದ್ದೇವೆಯೋ ಎಂಬ ಶಂಕೆ ನಮ್ಮದು. ಕೆರೆಯ ಬಳಿ ಮಾಡತಕ್ಕ ಕೆಲಸಗಳಾವುವು, ತಿನ್ನತಕ್ಕ ತಿನಿಸುಗಳಾವುವು ಎಂಬ ಪ್ರಶ್ನೆ ವಿಹಾರಿಗಳಿಗೆ ಮಾತ್ರ ಸೇರಿದ್ದೆಂದು ತೋರಬಹುದು. ವಿಚಾರಿಸಿದರೆ ಅದು ವಿಜ್ಞಾನದ ಪ್ರಶ್ನೆ. ಆರೋಗ್ಯದ ಪ್ರಶ್ನೆಯೂ ಹೌದು.

ಮೊದಲು ನೋಡತಕ್ಕದ್ದನ್ನು ನೋಡೋಣ. ಕೋಲಾರ ಪಟ್ಟಣದ ಅಂಚಿನಲ್ಲಿ ಕೋಲಾರಮ್ಮನ ಕೆರೆಯಿದೆ. ಗಂಗರ ಕಾಲದ ಕುವಲಾಲಪುರವೇ ಇಂದಿನ ಕೋಲಾರ. ಊರದೇವತೆ ಕೋಲಾರಮ್ಮನ ಗುಡಿಯಲ್ಲಿ ಚೋಳರ ಶಾಸನಗಳಿವೆ. ಊರು, ಗುಡಿ, ಕೆರೆ ಈ ಮೂರೂ ಜೊತೆಯಾಗಿರುವುದು ಆಕಸ್ಮಿಕವಲ್ಲ. ವರ್ಷಕ್ಕೆ 700ರಿಂದ 750 ಮಿಲಿಮೀಟರು ಮಳೆ, ಅದೂ ಕೆಲವೇ ದಿನಗಳಲ್ಲಿ ಬೀಳುವ ನಾಡಿನಲ್ಲಿ, ಬಿದ್ದ ಹನಿಯನ್ನು ಹಿಡಿದಿಡದ ಊರು ಬಾಳುವಂತಿರಲಿಲ್ಲ. ಆದುದರಿಂದಲೇ ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಎಲ್ಲಕ್ಕೂ ಲೆಕ್ಕವಿತ್ತು. ನೀರು ಹಂಚಲು ನೀರಗಂಟಿಯಿದ್ದ. ಏರಿಯ ಮೇಲೆ ನಡೆಯುವಾಗ ತೂಬು ಯಾವುದು, ಕೋಡಿ ಯಾವ ಕಡೆ, ಕೋಡಿಯ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿರಿ. ಹಳ್ಳಿಯ ಹಿರಿಯರೊಬ್ಬರು ಜೊತೆಗಿದ್ದರೆ ಯಾವ ಪುಸ್ತಕವೂ ಬೇಡ.

ಪಟ್ಟಣದ ಪಶ್ಚಿಮಕ್ಕೆ ಶತಶೃಂಗ ಪರ್ವತದ ಮೇಲಿರುವ ಅಂತರಗಂಗೆಗೆ ಹತ್ತಿ ಹೋದರೆ ನೀರಿನ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತದೆ. ಬರಡು ಬಂಡೆಯ ಬೆಟ್ಟದಲ್ಲಿ ನೀರು ಎಲ್ಲಿಂದ? ಗ್ರಾನೈಟ್ ಶಿಲೆ ಸ್ವತಃ ನೀರು ಕುಡಿಯುವುದಿಲ್ಲ. ಆದರೆ ಅದರಲ್ಲಿ ಬಿರುಕುಗಳಿವೆ. ಬಂಡೆಗಳ ನಡುವೆ ಶಿಥಿಲಗೊಂಡ ಮಣ್ಣಿದೆ. ಮಳೆಯ ನೀರು ಆ ಸಂದುಗಳಲ್ಲಿ ಇಳಿದು, ನಿಧಾನವಾಗಿ ನಡೆದು, ಅಡ್ಡ ಸಿಕ್ಕಿದೆಡೆ ಹೊರಬೀಳುತ್ತದೆ. ಇದನ್ನು ನೆನಪಿಡಬೇಕು. ಕೋಲಾರ ಜಿಲ್ಲೆಯ ಬಾವಿ, ಕೊಳವೆಬಾವಿಗಳೆಲ್ಲ ಇಂಥ ಬಿರುಕುಗಳ ನೀರನ್ನೇ ಎತ್ತುತ್ತವೆ. ಕೆರೆಯಲ್ಲಿ ನಿಂತದ್ದು ನಾಳೆ ಕೊಡದಲ್ಲಿ ಬರುವುದೂ ಇದೇ ದಾರಿಯಿಂದ.

ಹಕ್ಕಿಗಳನ್ನು ನೋಡುವುದಕ್ಕೆ ಬೆಳಗಿನ ಹೊತ್ತು ಲೇಸು. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಮಿಂಚುಳ್ಳಿ ತಂತಿಯ ಮೇಲಿನಿಂದ ನೀರಿಗೆ ಧುಮುಕುತ್ತದೆ. ದೇವನಕ್ಕಿ ತೇಲುವ ಎಲೆಗಳ ಮೇಲೆ ಉದ್ದನೆಯ ಬೆರಳೂರಿ ನಡೆಯುತ್ತದೆ. ಎಣಿಸಿ ಬರೆದಿಡಿರಿ. ಒಂದು ವರ್ಷದ ಪಟ್ಟಿ ಚೆಲುವಾದ ಹವ್ಯಾಸ. ಹತ್ತು ವರ್ಷಗಳ ಪಟ್ಟಿಯಾದರೆ ಅದು ವಿಜ್ಞಾನಕ್ಕೆ ಸಲ್ಲುವ ದಾಖಲೆ.

ನೀರಿನ ತಿಳಿಯನ್ನು ಅಳೆಯುವುದೂ ಕಷ್ಟವಲ್ಲ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ ವಿಜ್ಞಾನಿ ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಕಡಲಿಗೆ ಇಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿದ. ದೋಣಿಯಿಲ್ಲದ ನಾವು ಎತ್ತರದ ಗಾಜಿನ ಕೊಳವೆಯ ತಳದಲ್ಲಿ ಕಪ್ಪುಬಿಳುಪಿನ ಗುರುತಿಟ್ಟು, ಗುರುತು ಮರೆಯಾಗುವವರೆಗೆ ಕೆರೆಯ ನೀರು ತುಂಬಿಸಿ ಅದರ ಎತ್ತರವನ್ನು ಅಳೆಯಬಹುದು. ಇನ್ನೂ ಸುಲಭವಾದ ಪ್ರಯೋಗವೊಂದಿದೆ. ಎರಡು ಬಾಟಲಿಗಳಲ್ಲಿ ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಕೆರೆನೀರು ತುಂಬಿ, ಬಿಸಿಲು ಬೀಳುವ ಕಿಟಕಿಯಲ್ಲಿ ಹತ್ತು ದಿನ ಇಡಿರಿ. ಯಾವುದು ಹೆಚ್ಚು ಹಸುರಾಗುತ್ತದೆ, ಎಷ್ಟು ಬೇಗ ಆಗುತ್ತದೆ? ಉತ್ತರ ನಿಮ್ಮ ಕಿಟಕಿಯಲ್ಲೇ ದೊರೆಯುತ್ತದೆ.

ಮಾಡಬಾರದ ಕೆಲಸವೊಂದಿದೆ: ಗೊತ್ತಿಲ್ಲದ ಕೆರೆಗೆ ಇಳಿದು ಈಜುವುದು. ಅದಕ್ಕೆ ಕಾರಣ ತಿಳಿಯಲು ಮಾಲೂರಿನ ಹೆಂಚನ್ನು ನೋಡಬೇಕು. ಹರಿದು ಬಂದ ನೀರು ಕೆರೆಯನ್ನು ಹೊಕ್ಕು ವೇಗ ಕಳೆದುಕೊಂಡಾಗ ಮೊದಲು ದಪ್ಪ ಮರಳನ್ನು ಕೆಳಗಿಳಿಸುತ್ತದೆ. ನುಣ್ಣನೆಯ ಜೇಡಿ ತೇಲುತ್ತ ಬಂದು ಏರಿಯ ಬಳಿಯ ಆಳದಲ್ಲಿ ನಿಧಾನವಾಗಿ ಕೂರುತ್ತದೆ. ಹೀಗೆ ಪ್ರಕೃತಿಯೇ ಜರಡಿ ಹಿಡಿದು ಕೊಟ್ಟ ಮಣ್ಣು ಹೆಂಚಿಗೂ ಇಟ್ಟಿಗೆಗೂ ಒದಗುತ್ತದೆ. ಮಾಲೂರಿನ ಹೆಂಚು ಎಷ್ಟೋ ಊರುಗಳ ಸೂರನ್ನು ಹೊದಿಸಿದೆ. ಹೊಲಕ್ಕೆ ಗೋಡು ಹೊಡೆಯುವುದು ಹಳೆಯ ಒಳ್ಳೆಯ ಪದ್ಧತಿ. ಅದರಿಂದ ಹೊಲ ಕೊಬ್ಬಿತು, ಕೆರೆಯ ಹೂಳೂ ಹೋಯಿತು. ಆದರೆ ಲೆಕ್ಕವಿಲ್ಲದೆ ಯಂತ್ರಗಳಿಂದ ತೋಡಿದ ಕಡೆ ಕಡಿದಾದ ಗುಂಡಿಗಳು ಉಳಿಯುತ್ತವೆ. ಕೆರೆ ತುಂಬಿದಾಗ ಅವು ಕಾಣುವುದಿಲ್ಲ. ಮೊಣಕಾಲುದ್ದದ ನೀರೆಂದು ಹೆಜ್ಜೆಯಿಟ್ಟವನು ಮರುಹೆಜ್ಜೆಗೆ ಮುಳುಗಬಹುದು.

ಇನ್ನು ತಿನಿಸಿನ ಮಾತು. ಮೈಸೂರು ಸೀಮೆಯ ಮೂಡಲ ಬಾಗಿಲಾದ್ದರಿಂದ ಮುಳಬಾಗಿಲು ಎಂಬ ಹೆಸರು ಬಂದಿತೆನ್ನುತ್ತಾರೆ. ಶ್ರೀಪಾದರಾಜರ ವೃಂದಾವನವಿರುವ ನರಸಿಂಹತೀರ್ಥವನ್ನು ನೋಡಿಕೊಂಡು ಪೇಟೆಗೆ ಬಂದವನು ಮುಳಬಾಗಿಲು ದೋಸೆಯನ್ನು ತಿನ್ನದೆ ಹಿಂದಿರುಗುವುದಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಈ ಮೆದುವಿಗೆ ಕಾರಣ ಹಿಟ್ಟಿನಲ್ಲಿ ರಾತ್ರಿಯೆಲ್ಲ ದುಡಿಯುವ ಏಕಾಣುಜೀವಿಗಳು. ಅವು ಅಕ್ಕಿ, ಉದ್ದಿನ ಸಕ್ಕರೆಯಂಶವನ್ನು ಉಂಡು ಲ್ಯಾಕ್ಟಿಕ್ ಆಮ್ಲವನ್ನೂ ಅನಿಲವನ್ನೂ ಬಿಡುತ್ತವೆ. ಆಮ್ಲ ಹುಳಿ ಕೊಡುತ್ತದೆ, ಅನಿಲ ಹಿಟ್ಟನ್ನು ಉಬ್ಬಿಸುತ್ತದೆ. ಬೆಂಗಳೂರಿನ ಕೊಳಚೆಯನ್ನು ಎರಡನೆಯ ಹಂತದಲ್ಲಿ ಶುದ್ಧಮಾಡುವವರೂ ಏಕಾಣುಜೀವಿಗಳೇ! ಜಾತಿ ಬೇರೆ, ಕೆಲಸದ ರೀತಿ ಬೇರೆ. ಅವಕ್ಕೆ ಗಾಳಿಯನ್ನು ಊದಿ ಆಮ್ಲಜನಕ ಒದಗಿಸಿದರೆ ಕೊಳಚೆಯಲ್ಲಿರುವ ಕೊಳೆಯುವ ಪದಾರ್ಥವನ್ನು ತಿಂದು ಮುಗಿಸುತ್ತವೆ. ಕಣ್ಣಿಗೆ ಕಾಣದ ಈ ಜೀವಿಗಳನ್ನು ರೋಗದ ಹೆಸರಿನಲ್ಲಿ ಬೈಯುವಾಗ, ದೋಸೆಯ ಋಣವನ್ನೂ ಕೆರೆಯ ಋಣವನ್ನೂ ನೆನೆಯುವುದು ನ್ಯಾಯ.

ಶ್ರೀನಿವಾಸಪುರಕ್ಕೆ ಹೋಗುವವರು ಮೇ ತಿಂಗಳಿಂದ ಜುಲೈವರೆಗೆ ಹೋಗಬೇಕು. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನೀಲಂ ಎಂದು ಮಾವಿನ ಹಣ್ಣುಗಳು ಒಂದರ ಹಿಂದೆ ಒಂದು ಬರುತ್ತವೆ. ಬೆಟ್ಟುನೆಲದಲ್ಲಿ ಬೇರನ್ನು ಆಳಕ್ಕಿಳಿಸಿ ಬದುಕುವ ಮಾವು ಬರಗಾಲದ ನಾಡಿಗೆ ತಕ್ಕ ಮರ. ತೋತಾಪುರಿಯ ಕಾಯನ್ನು ಸೀಳಿ ಉಪ್ಪುಕಾರ ಸವರಿ ಕೆರೆಯ ಏರಿಯ ಮೇಲೆ ಕುಳಿತು ತಿನ್ನುವ ಸುಖಕ್ಕೆ ಬೇರೆ ಹೋಲಿಕೆ ಬೇಡ. ಚಳಿಗಾಲದಲ್ಲಾದರೆ ಹಿತಕಿದ ಅವರೆಬೇಳೆಯ ಸಾರು, ರಾಗಿಮುದ್ದೆ. ಮಳೆಗಾಲದ ಕೊನೆಯಲ್ಲಿ ಬೇಯಿಸಿದ ಕಡಲೆಕಾಯಿ. ಇವೆಲ್ಲ ಸ್ವಲ್ಪ ನೀರಿನಲ್ಲಿ ಬೆಳೆಯುವ ಬೆಳೆಗಳೆಂಬುದನ್ನು ಗಮನಿಸಿರಿ. ಈ ನಾಡಿನ ಊಟದ ತಟ್ಟೆಯೇ ಇಲ್ಲಿಯ ಮಳೆಯ ನಕ್ಷೆ.

ಆದರೆ ತಟ್ಟೆಯಲ್ಲಿ ಇನ್ನೆರಡು ಪದಾರ್ಥಗಳಿವೆ. ಒಂದು ಕೆರೆಯ ಮೀನು: ಕಾಟ್ಲಾ, ರೋಹು, ಗೆಂಡೆ. ಇನ್ನೊಂದು ಕೆರೆಯಂಚಿನ ತೇವದಲ್ಲಿ ತಾನಾಗಿ ಹಬ್ಬುವ ಹೊನಗೊನ್ನೆ ಸೊಪ್ಪು. ಮಸ್ಸೊಪ್ಪಿಗೆ ಅದು ಬೇಕೇ ಬೇಕು. ಇವೆರಡೂ ಕೆರೆಯ ನೇರ ಮಕ್ಕಳು. ಕೆರೆಯಲ್ಲಿ ಇರುವುದೆಲ್ಲ ಇವುಗಳಲ್ಲಿಯೂ ಅಷ್ಟಿಷ್ಟು ಇರುತ್ತದೆ. ನಮ್ಮ ಚರ್ಚೆ ಇಲ್ಲಿಂದ ಆರಂಭವಾಗುತ್ತದೆ.

ಎರಡನೆಯ ಹಂತದ ಶುದ್ಧೀಕರಣ ಕೊಳೆಯುವ ಪದಾರ್ಥವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸಾರಜನಕ ಮತ್ತು ರಂಜಕದ ಲವಣಗಳನ್ನು, ರೋಗಾಣುಗಳನ್ನು, ಲೋಹಗಳ ಅಂಶವನ್ನು ಪೂರ್ಣವಾಗಿ ತೆಗೆಯುವ ಭರವಸೆ ಅದಕ್ಕಿಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ಲೀಟರಿಗೆ ಕೇವಲ 1 ಮಿಲಿಗ್ರಾಂ ರಂಜಕ ಉಳಿಯಿತೆಂದು ಭಾವಿಸಿ. ದಿನಕ್ಕೆ 44 ಕೋಟಿ ಲೀಟರಿಗೆ ಅದು 440 ಕಿಲೋಗ್ರಾಂ ಆಗುತ್ತದೆ. ಹೊಲಕ್ಕೆ ಗೊಬ್ಬರವಾದದ್ದು ಕೆರೆಯಲ್ಲಿ ಪಾಚಿಗೆ ಗೊಬ್ಬರ. ಪಾಚಿ ಹಗಲು ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಸತ್ತು ಕೊಳೆಯುವಾಗ ಇನ್ನಷ್ಟನ್ನು ನುಂಗುತ್ತದೆ. ಬೆಳಗಿನ ಜಾವ ಮೀನುಗಳು ಬಾಯಿತೆರೆದು ಮೇಲಕ್ಕೆ ಬರುವುದು ಈ ಕಾರಣದಿಂದ. 2018ರಲ್ಲಿ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಾಣಿಸಿಕೊಂಡಾಗ ಜನ ಬೆದರಿದರು. ವಿಷಯ ಉಚ್ಚ ನ್ಯಾಯಾಲಯಕ್ಕೂ ಅನಂತರ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ನೀರು ನಿಂತು ಮತ್ತೆ ಹರಿಯಿತು. ನೊರೆ ಕಣ್ಣಿಗೆ ಕಾಣುವ ಕೇಡಾದ್ದರಿಂದ ಗದ್ದಲವಾಯಿತು. ನೀರಿನಲ್ಲಿ ಕರಗಿ ಕಾಣದಂತಿರುವುದಕ್ಕೆ ಗದ್ದಲವಿಲ್ಲ. ವಿಜ್ಞಾನದ ಕೆಲಸ ಆ ಕಾಣದಿರುವುದನ್ನು ಅಳೆಯುವುದು.

"ಬಾಯಾರಿದವನ ಮುಂದೆ ನೀರಿನ ಪರೀಕ್ಷೆಯ ಮಾತೇಕೆ?" ಎಂದು ಕೇಳುವ ರೈತರಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಸಾವಿರ ಅಡಿಗೂ ಮೀರಿ ಕೊರೆದು, ಸಾಲ ತೀರದೆ, ಧೂಳು ಮಾತ್ರ ಕಂಡವರು ಅವರು. ಸಿಕ್ಕ ನೀರಿನಲ್ಲಿಯೂ ಅನೇಕ ಕಡೆ ಫ್ಲೋರೈಡು ಮಿತಿಮೀರಿತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡು ಬಹುಕಾಲ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಿದ್ದರೆ ಮೂಳೆ ಬಿರುಸಾಗುತ್ತದೆ. ಕೆರೆ ತುಂಬಿದ ಮೇಲೆ ಸುತ್ತಲಿನ ಅಂತರ್ಜಲ ಮೇಲಕ್ಕೆ ಬಂದಿದೆಯೆಂಬುದು ರೈತರ ಅನುಭವ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ಅದನ್ನು ಸಮರ್ಥಿಸಿದೆ. ಆದ್ದರಿಂದ ನೀರು ನಿಲ್ಲಲಿ ಎನ್ನುವ ಪಕ್ಷ ನಮ್ಮದಲ್ಲ. ನೀರು ಬರಲಿ, ಇನ್ನೊಂದು ಹಂತ ದಾಟಿ ಬರಲಿ ಎಂಬುದೇ ನಮ್ಮ ಪಕ್ಷ.

ಮಣ್ಣು ಸೋಸುತ್ತದೆಯಲ್ಲ ಎನ್ನಬಹುದು. ಸೋಸುವುದು ನಿಜ. ಏಕಾಣುಜೀವಿಗಳು ಮಣ್ಣಿನ ಪದರಗಳಲ್ಲಿ ಬಹುಪಾಲು ಸಿಕ್ಕಿಬೀಳುತ್ತವೆ. ಆದರೆ ನೈಟ್ರೇಟು ನೀರಿನಲ್ಲಿ ಕರಗಿ ಮಣ್ಣನ್ನು ದಾಟಿಹೋಗುತ್ತದೆ. ಅದು ಮಿತಿಮೀರಿದ ನೀರಿನಿಂದ ಹಸುಳೆಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಅಂತರಗಂಗೆಯಲ್ಲಿ ಕಂಡ ಬಿರುಕುಗಳನ್ನು ಇಲ್ಲಿ ನೆನೆಯಿರಿ: ಬಿರುಕಿನಲ್ಲಿ ನೇರವಾಗಿ ಇಳಿದ ನೀರಿಗೆ ಮಣ್ಣಿನ ಸೋಸುವಿಕೆಯೂ ದೊರೆಯದು.

ಕೊಳಚೆನೀರು ಎಂದಾಕ್ಷಣ ಮೂಗು ಮುರಿಯುವುದೂ ತಪ್ಪು. ಕಲ್ಕತ್ತೆಯ ಪೂರ್ವದ ಜವುಗುಭೂಮಿಯಲ್ಲಿ ನಗರದ ಕೊಳಚೆಯನ್ನು ಆಳವಿಲ್ಲದ ಕೊಳಗಳಲ್ಲಿ ಬಿಸಿಲಿಗೆ ಒಡ್ಡಿ, ಅದರಲ್ಲಿ ಮೀನು ಸಾಕುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಸಿಂಗಪುರ 2003ರಿಂದ ಬಳಸಿದ ನೀರನ್ನು ಅತಿಸೂಕ್ಷ್ಮ ಪೊರೆಗಳಲ್ಲಿ ಸೋಸಿ ಕುಡಿಯಲು ತಕ್ಕಷ್ಟು ಶುದ್ಧಗೊಳಿಸುತ್ತಿದೆ. ನೀರಿನ ಹುಟ್ಟು ಯಾವುದೆಂಬುದು ಮುಖ್ಯವಲ್ಲ. ಅದನ್ನು ಎಷ್ಟು ಶ್ರದ್ಧೆಯಿಂದ ಸಂಸ್ಕರಿಸಿದೆವು, ಎಷ್ಟು ಪ್ರಾಮಾಣಿಕವಾಗಿ ಅಳೆದೆವು ಎಂಬುದು ಮುಖ್ಯ.

ಅದೇ ಸಿಂಗಪುರದ ಇನ್ನೊಂದು ಕಥೆ ನಮ್ಮ ಏರಿಯ ತಿಂಡಿಗಾಡಿಗಳಿಗೆ ಅನ್ವಯಿಸುತ್ತದೆ. 1977ರಲ್ಲಿ ಅಲ್ಲಿಯ ಪ್ರಧಾನಿ ಲೀ ಕುವಾನ್ ಯೂ, ಹೊಲಸಾಗಿದ್ದ ಸಿಂಗಪುರ ನದಿಯನ್ನು ಹತ್ತು ವರ್ಷಗಳಲ್ಲಿ ಶುಚಿಮಾಡಬೇಕೆಂದರು. 1987ರ ಹೊತ್ತಿಗೆ ಕೆಲಸ ಮುಗಿಯಿತು. ದಂಡೆಯ ಮೇಲೆ ತಿಂಡಿ ಮಾರುತ್ತಿದ್ದವರನ್ನು ಬೀದಿಪಾಲು ಮಾಡದೆ, ನಲ್ಲಿ ಮತ್ತು ಒಳಚರಂಡಿಯಿರುವ ಕಟ್ಟಡಗಳಲ್ಲಿ ಅವರಿಗೆ ಜಾಗ ಕೊಟ್ಟರು. ನಮ್ಮಲ್ಲಿಯೂ ಹೀಗೆಯೇ ಆಗಬೇಕು. ಜಿಲ್ಲೆಯ ಒಂದು ಕೆರೆಯ ಏರಿಯ ಮೇಲೆ ಒಂದು ಸಂಜೆ ನಾವು ನಿಂತು ನೋಡಿದೆವು: ತಟ್ಟೆ ತೊಳೆದ ನೀರು ಕೆರೆಗೇ ಇಳಿಯುತ್ತಿತ್ತು; ಕಲ್ಲುಗಳ ಸಂದಿನಲ್ಲಿ ಪ್ಲಾಸ್ಟಿಕ್ ಲೋಟಗಳು ತೇಲುತ್ತಿದ್ದುವು. ಗಾಡಿಯವನಿಗೆ ಅನ್ನವೂ ಬೇಕು, ಕೆರೆಯೂ ಬೇಕು. ಎರಡೂ ಉಳಿಯುವಂತೆ ನಲ್ಲಿ, ಚರಂಡಿ, ಕಸದ ತೊಟ್ಟಿ ಒದಗಿಸುವುದು ಊರಿನ ಆಡಳಿತದ ಕರ್ತವ್ಯ. ಲೋಟವನ್ನು ತೊಟ್ಟಿಯವರೆಗೆ ಒಯ್ಯುವುದು ನಮ್ಮ ಕರ್ತವ್ಯ. ಬೆಂಗಳೂರಿನ ನೀರನ್ನು ದೂರುವ ನಾವು, ನಮ್ಮ ಊರಿನ ಚರಂಡಿ ಯಾವ ಕೆರೆಗೆ ಬೀಳುತ್ತದೆಂದು ನೋಡಿಕೊಂಡಿದ್ದೇವೆಯೆ?

ಹಾಗಾದರೆ ಮಾಡಬೇಕಾದುದೇನು? ನಮ್ಮ ಅಭಿಪ್ರಾಯದಲ್ಲಿ ಮೂರು ಕೆಲಸಗಳು. ಮೊದಲನೆಯದು, ಲವಣಗಳನ್ನೂ ರೋಗಾಣುಗಳನ್ನೂ ತೆಗೆಯುವ ಮೂರನೆಯ ಹಂತದ ಶುದ್ಧೀಕರಣ. ಅದಕ್ಕೆ ಹಣ ಬೇಕು. ಆದರೆ ಊರಿನ ಮಕ್ಕಳ ಮೂಳೆ, ರಕ್ತಗಳಿಗಿಂತ ಹಣ ದೊಡ್ಡದಲ್ಲ. ಎರಡನೆಯದು, ಪ್ರತಿಯೊಂದು ಕೆರೆಯ ಏರಿಯ ಮೇಲೂ ಒಂದು ಹಲಗೆ. ಕರಗಿದ ಆಮ್ಲಜನಕ, ನೈಟ್ರೇಟು, ರಂಜಕ, ಮಲಮೂಲದ ಏಕಾಣುಜೀವಿಗಳು, ಮೀನಿನಲ್ಲಿ ಲೋಹಗಳು, ಇವುಗಳ ಪರೀಕ್ಷೆಯ ಫಲವನ್ನು ತಿಂಗಳು ತಿಂಗಳೂ ಕನ್ನಡದಲ್ಲಿ ಅದರ ಮೇಲೆ ಬರೆಯಬೇಕು. ಮೀನು ಕೊಳ್ಳುವ ಗೃಹಿಣಿಗೆ ಅದನ್ನು ಓದುವ ಹಕ್ಕಿದೆ. ಆ ಹಲಗೆ ಬರುವವರೆಗೆ ಕೆರೆಯಂಚಿನ ಸೊಪ್ಪನ್ನು ಹಸಿಯಾಗಿ ತಿನ್ನದೆ ತೊಳೆದು ಬೇಯಿಸುವುದು, ಬೇಯಿಸಿದರೂ ಲೋಹ ಹೋಗದೆಂದು ನೆನಪಿಡುವುದು ವಿವೇಕ. ಮೂರನೆಯದು, ಕೆರೆಯ ಸುತ್ತಲೂ ಕಲ್ಲುಗೋಡೆ ಕಟ್ಟುವ ಹಂಬಲವನ್ನು ಬಿಡುವುದು. ನೀರು ತೆಳುವಾಗಿ ಹರಡುವ ಹಿನ್ನೀರಿನ ಅಂಚಿನಲ್ಲಿ ಜೊಂಡು ಬೆಳೆಯುತ್ತದೆ. ಅದರ ಬೇರು ಲವಣಗಳನ್ನು ಹೀರುತ್ತದೆ, ಅದರ ಮರೆಯಲ್ಲಿ ಹಕ್ಕಿ ಗೂಡು ಕಟ್ಟುತ್ತದೆ, ಮೀನು ಮರಿಮಾಡುತ್ತದೆ. ಏರಿ ಜನಕ್ಕಿರಲಿ, ಹಿನ್ನೀರಿನ ಅಂಚು ಜೊಂಡಿಗೂ ಹಕ್ಕಿಗೂ ಇರಲಿ. ಸುತ್ತಲೂ ಸಿಮೆಂಟು ಬಳಿದ ಕೆರೆ ಕೇವಲ ದೊಡ್ಡ ತೊಟ್ಟಿ.

ವಿದ್ಯಾರ್ಥಿಮಿತ್ರರಲ್ಲಿ ನಮ್ಮದೊಂದು ಸೂಚನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಪ್ರತಿಯೊಂದು ಪ್ರೌಢಶಾಲೆಯೂ ಪ್ರತಿಯೊಂದು ಕಾಲೇಜೂ ತನ್ನ ಹತ್ತಿರದ ಒಂದು ಕೆರೆಯನ್ನು ತನ್ನದೆಂದು ಆರಿಸಿಕೊಳ್ಳಲಿ. ತಿಂಗಳಿಗೊಮ್ಮೆ, ಅಧ್ಯಾಪಕರ ಜೊತೆಯಲ್ಲಿ, ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ ನೀರಿನ ಮಟ್ಟ, ಉಷ್ಣತೆ, ತಿಳಿ, ಹಕ್ಕಿಗಳ ಎಣಿಕೆ ಇಷ್ಟನ್ನೇ ಬರೆದಿಡಿರಿ. ಒಂದು ದಪ್ಪ ನೋಟ್ ಪುಸ್ತಕ, ಒಂದು ಉಷ್ಣಮಾಪಕ, ಒಂದು ಗಾಜಿನ ಕೊಳವೆ ಸಾಕು. ಅಧಿಕಾರಿಗಳು ಬದಲಾಗುತ್ತಾರೆ, ಯೋಜನೆಗಳು ಬದಲಾಗುತ್ತವೆ. ನಿಮ್ಮ ಪುಸ್ತಕ ಒಂದು ತರಗತಿಯಿಂದ ಮುಂದಿನ ತರಗತಿಗೆ ಕೈ ಬದಲಾಯಿಸುತ್ತ ಉಳಿಯುತ್ತದೆ. ನೀರಗಂಟಿ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಹೀಗೆ ನೀವು ವಹಿಸಿಕೊಂಡಂತಾಗುತ್ತದೆ.

ಕೆಲಸ ಮುಗಿದ ಮೇಲೆ ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚಿರಿ. ಮಾವಿನ ಕಾಲವಾದರೆ ಹಣ್ಣಿರಲಿ, ಅಲ್ಲದಿದ್ದರೆ ಕಡಲೆಕಾಯಿಯಿರಲಿ. ಸಿಪ್ಪೆ ಮಣ್ಣಿಗೆ ಹೋಗಲಿ, ಕಾಗದ ಚೀಲಕ್ಕೆ ಬರಲಿ. ಎದುರಿಗೆ ನೀರಿರುತ್ತದೆ, ಅದರಲ್ಲಿ ಏನಿದೆಯೆಂಬುದು ನಿಮ್ಮ ಪುಸ್ತಕದಲ್ಲಿರುತ್ತದೆ.